ಅಪ್ಪನ ಕಲ್ಲಿನ ಪಕ್ಕಕ್ಕೆ ಅಮ್ಮನ ಕಲ್ಲು



ಚರಿತ್ರೆ ಎಂದೊಡನೆ ನಿಮಗೆ ಅರಮನೆ, ಕೋಟೆ, ಶಾಸನಗಳ ನೆನಪಾಗುತ್ತದೆ. ಈ ಸಲ ನಾವು ಅಷ್ಟು ದೊಡ್ಡ ಕಲ್ಲುಗಳ ಹತ್ತಿರ ಹೋಗುವುದಿಲ್ಲ. ಎದೆಮಟ್ಟಕ್ಕೆ ಬರುವ ಒಂದು ಚಿಕ್ಕ ಕಲ್ಲಿನ ಮುಂದೆ ನಿಲ್ಲೋಣ. ಅದು ಗೋರಿಕಲ್ಲು. ಸ್ಥಳ, ಬ್ರಿಟನ್ನಿನ ಉತ್ತರ ಭಾಗದಲ್ಲಿ ಸಮುದ್ರದ ದಂಡೆಯ ಮೇಲಿರುವ ಸ್ಕಾಟ್ಲೆಂಡಿನ ಅಬರ್ಡೀನ್ ನಗರ.

ಹೀಗೆಂದುಕೊಳ್ಳಿ. ಆ ನಗರದ ಒಂದು ಮನೆಯ ಯಜಮಾನ 1950ರಲ್ಲಿ ತೀರಿಕೊಂಡ. ಮನೆಯವರು ಸಮಾಧಿಯ ತಲೆಯ ಕಡೆಗೆ ಊರಿನದೇ ಬೂದುಬಣ್ಣದ ಗ್ರಾನೈಟ್ ಕಲ್ಲು ನಿಲ್ಲಿಸಿದರು. ನಲವತ್ತು ವರ್ಷಗಳ ಮೇಲೆ ಅವನ ಹೆಂಡತಿಯೂ ತೀರಿಕೊಂಡಳು. ಮಗ ಕಲ್ಲುಕುಟಿಗನ ಬಳಿಗೆ ಹೋಗಿ ಹೇಳಿದ: “ಅಪ್ಪನ ಕಲ್ಲಿನಂಥದೇ ಕಲ್ಲು ಅಮ್ಮನಿಗೂ ಬೇಕು.”

ಕೇಳುವುದಕ್ಕೆ ಎಷ್ಟು ಸುಲಭದ ಮಾತು! ಆದರೆ ಆ ಒಂದು ಮಾತನ್ನು ನಡೆಸಿಕೊಡಲು ಹೊರಟ ಕಲ್ಲುಕುಟಿಗ ಭೂಗರ್ಭ, ಯಂತ್ರ, ವ್ಯಾಪಾರ, ವಲಸೆ, ಕಾಯಿಲೆ ಇಷ್ಟನ್ನೂ ದಾಟಿ ಹೋಗಬೇಕಾಗುತ್ತದೆ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಕಲ್ಲಿಗೂ ಊರುಂಟು

ಹಿಂದೆ ಸ್ಕಾಟ್ಲೆಂಡಿನಲ್ಲಿ ಗೋರಿಕಲ್ಲಿಗೆ ಹೆಚ್ಚಾಗಿ ಬಳಸುತ್ತಿದ್ದುದು ಮರಳುಗಲ್ಲು. ಅದು ಮೆತ್ತನೆಯದು, ಉಳಿಗೆ ಬೇಗ ಬಗ್ಗುತ್ತದೆ. ಆದರೆ ಮಳೆ, ಮಂಜು, ಹಿಮಕ್ಕೆ ಪದರಪದರವಾಗಿ ಏಳುತ್ತದೆ. ನೂರು ವರ್ಷ ಕಳೆಯುವಷ್ಟರಲ್ಲಿ ಎಷ್ಟೋ ಕಲ್ಲುಗಳ ಮೇಲೆ ಹೆಸರೇ ಉಳಿಯುವುದಿಲ್ಲ. ಅಮೃತಶಿಲೆ ನೋಡಲು ಚೆಂದ. ಆದರೆ ಕಲ್ಲಿದ್ದಲಿನ ಹೊಗೆ ತುಂಬಿದ ನಗರಗಳಲ್ಲಿ ಮಳೆನೀರಿಗೆ ಆಮ್ಲ ಬೆರೆಯುತ್ತದೆ. ಆ ನೀರು ಅಮೃತಶಿಲೆಯನ್ನು ಸಕ್ಕರೆಯಂತೆ ಸವೆಸುತ್ತದೆ.

ಗ್ರಾನೈಟ್ ಹಾಗಲ್ಲ. ಭೂಮಿಯ ಆಳದಲ್ಲಿ ಕರಗಿದ್ದ ಶಿಲಾರಸ ನಿಧಾನವಾಗಿ ತಣಿದು ಹರಳುಗಟ್ಟಿದ ಕಲ್ಲು ಅದು. ಅದರಲ್ಲಿ ಬೆಣಚು ಇದೆ, ಫೆಲ್ಡ್‌ಸ್ಪಾರ್ ಇದೆ, ಕಾಗೆಬಂಗಾರ ಇದೆ. ಈ ಮೂರರ ಪ್ರಮಾಣ ಮತ್ತು ಹರಳಿನ ಗಾತ್ರ ಬದಲಾದಂತೆ ಕಲ್ಲಿನ ಬಣ್ಣವೂ ಬದಲಾಗುತ್ತದೆ. ಆದ್ದರಿಂದಲೇ ಅಬರ್ಡೀನ್ ಸುತ್ತಮುತ್ತಲ ಪ್ರತಿ ಗಣಿಯ ಕಲ್ಲಿಗೂ ಅದರದೇ ಮುಖಚಹರೆ. ರೂಬಿಸ್ಲಾ ಗಣಿಯದು ನೀಲಿ ಬೆರೆತ ಕಡುಬೂದು. ಕೆಮ್ನೇ ಗಣಿಯದು ತಿಳಿಬೂದು. ಪೀಟರ್‌ಹೆಡ್ ಕಡೆಯದು ಕೆಂಪು. ಅನುಭವಿ ಕಲ್ಲುಕುಟಿಗ ಗೋರಿಕಲ್ಲನ್ನು ಕಂಡೊಡನೆ ಅದು ಯಾವ ಗಣಿಯದೆಂದು ಹೇಳಬಲ್ಲ. ನಾವು ಮಾತಿನ ಧಾಟಿ ಕೇಳಿ ಇವರು ಧಾರವಾಡದವರು, ಇವರು ಮಂಗಳೂರಿನವರು ಎಂದು ಗುರುತಿಸುವ ಹಾಗೆ.

ಗ್ರಾನೈಟಿನ ಗಡಸುತನವೇ ಮೊದಮೊದಲು ದೊಡ್ಡ ತೊಡಕಾಗಿತ್ತು. ಅದಕ್ಕೆ ಹೊಳಪು ಕೊಡುವುದು ಕೈಕೆಲಸದಲ್ಲಿ ಬಹಳ ದುಬಾರಿ. ಅಬರ್ಡೀನಿನ ಅಲೆಕ್ಸಾಂಡರ್ ಮೆಕ್ಡೊನಾಲ್ಡ್ ಎಂಬ ಕಲ್ಲುಕೆಲಸದ ಉದ್ಯಮಿ ಪ್ರಾಚೀನ ಈಜಿಪ್ಟಿನ ನುಣುಪು ಗ್ರಾನೈಟ್ ಶಿಲ್ಪಗಳಿಂದ ಪ್ರೇರಣೆ ಪಡೆದನೆಂದು ಹೇಳುತ್ತಾರೆ. ಕಲ್ಲನ್ನು ಕೊಯ್ಯಲು, ಹೊಳಪು ಕೊಡಲು ಅವನು ಉಗಿಯಂತ್ರದ ಬಲವನ್ನು ಬಳಸಿದ. 1830ರ ದಶಕದಲ್ಲಿ ಅವನ ಅಂಗಳದಿಂದ ಹೊಳಪಿನ ಗ್ರಾನೈಟ್ ಗೋರಿಕಲ್ಲೊಂದು ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನಕ್ಕೆ ಹೋಯಿತು. ಇಂಗ್ಲೆಂಡಿನ ಸ್ಮಶಾನಗಳಲ್ಲಿ ಅಂಥ ಕಲ್ಲು ಕಂಡದ್ದು ಅದೇ ಮೊದಲು ಎಂಬ ಮಾತಿದೆ. ಅಲ್ಲಿಂದ ಮುಂದೆ ಅಬರ್ಡೀನ್ ಗೋರಿಕಲ್ಲುಗಳ ರಾಜಧಾನಿಯಾಯಿತು. ಹಡಗು ಹಡಗಾಗಿ ಕಲ್ಲುಗಳು ಸಮುದ್ರ ದಾಟಿದವು.

ನೋಡಿದಿರಾ, ನಮ್ಮ ಮಗ ಕೇಳಿದ ‘ಅಪ್ಪನ ಕಲ್ಲು’ ನಿಸರ್ಗದ ಕೊಡುಗೆ ಮಾತ್ರವಲ್ಲ. ಉಗಿಯಂತ್ರದ ಯುಗದ ಕೂಸು ಕೂಡ.

ಜೋಡಿ ಹೇಗೆ ಕೂಡಿಸುತ್ತಾರೆ?

ಈಗ ಕಲ್ಲುಕುಟಿಗನ ಜೊತೆ ಸ್ಮಶಾನಕ್ಕೆ ಹೋಗೋಣ. ಅವನ ಕೈಯಲ್ಲಿ ಅಳತೆಪಟ್ಟಿ, ತೆಳುಕಾಗದ, ಮೇಣದ ಕಡ್ಡಿ, ಒಂದು ಬಾಟಲಿ ನೀರು ಇವೆ.

ಮೊದಲು ಅವನು ಎತ್ತರ, ಅಗಲ, ದಪ್ಪಗಳನ್ನು ಅಳೆಯುತ್ತಾನೆ. ಕಲ್ಲಿನ ನೆತ್ತಿ ಚಪ್ಪಟೆಯೋ, ಕಮಾನೋ, ಇಳಿಜಾರೋ ಎಂದು ನೋಡುತ್ತಾನೆ. ಪೀಠ ಎಷ್ಟು ಮುಂದಕ್ಕೆ ಚಾಚಿದೆ ಎಂಬುದೂ ಮುಖ್ಯ. ಆಮೇಲೆ ಮೈಗೆಲಸ. ಕಲ್ಲಿನ ಮುಂಭಾಗ ಕನ್ನಡಿಯಂತೆ ಹೊಳೆಯುತ್ತಿದೆಯೋ, ಸಣ್ಣ ಉಳಿಯಲ್ಲಿ ಒಂದೇ ಸಮ ಮಾಡಿದ್ದೋ, ಇಲ್ಲವೆ ಬೇಕೆಂದೇ ಒರಟಾಗಿ ಬಿಟ್ಟದ್ದೋ? ಒಂದೇ ಗಣಿಯ ಕಲ್ಲಾದರೂ ಹೊಳಪು ಕೊಟ್ಟರೆ ಕಡುಬಣ್ಣ ಕಾಣುತ್ತದೆ, ಉಳಿಪೆಟ್ಟು ಬಿದ್ದ ಕಡೆ ಬಿಳಿಚಿಕೊಳ್ಳುತ್ತದೆ.

ಬಣ್ಣ ತಿಳಿಯಲು ಕಲ್ಲಿನ ಮೇಲೆ ನೀರು ಚಿಮುಕಿಸುತ್ತಾನೆ. ಒದ್ದೆಯಾದಾಗ ಹರಳುಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ತಂದ ಮಾದರಿ ತುಂಡನ್ನು ಪಕ್ಕದಲ್ಲಿಟ್ಟು ಬಿಸಿಲಿನಲ್ಲೊಮ್ಮೆ, ಮೋಡ ಕವಿದಾಗೊಮ್ಮೆ ನೋಡುತ್ತಾನೆ. ಅಂಗಡಿಯೊಳಗೆ ದೀಪದ ಬೆಳಕಿನಲ್ಲಿ ಆರಿಸಿದ ಕಲ್ಲು ಬಯಲಿಗೆ ಬಂದಾಗ ಬೇರೆಯೇ ಆಗಿ ಕಂಡೀತು.

ಕೊನೆಗೆ ಅಕ್ಷರ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ತೆಳುಕಾಗದವನ್ನು ಹಳೆಯ ಕಲ್ಲಿನ ಮೇಲೆ ಹರಡಿ ಮೇಣದ ಕಡ್ಡಿಯಿಂದ ಮೆಲ್ಲಗೆ ಉಜ್ಜಿದರೆ ಅಕ್ಷರಗಳ ಅಚ್ಚು ಮೂಡುತ್ತದೆ. ನಮ್ಮಲ್ಲಿ ಶಾಸನಗಳ ಪಡಿಯಚ್ಚು ತೆಗೆಯುವುದನ್ನು ನೀವು ಕೇಳಿರಬಹುದು. ಇದೂ ಅದೇ ಜಾತಿಯ ಕೆಲಸ. ಅಕ್ಷರಗಳ ನಡುವಿನ ಜಾಗ, ಕೊರೆದ ಆಳ, ಅಂಚಿನ ಓರೆ ಎಲ್ಲವನ್ನೂ ಆ ಅಚ್ಚು ನೋಡಿಕೊಂಡು ನಿರ್ಧರಿಸಬೇಕು. ಕೆಲವು ಕಲ್ಲುಗಳಲ್ಲಿ ಅಕ್ಷರಗಳು ಸೀಸದವು. ಕಲ್ಲಿನಲ್ಲಿ ಅಕ್ಷರದ ಗೆರೆ ಕೊರೆದು, ಒಳಗೆ ಸಣ್ಣ ತೂತು ಮಾಡಿ, ಸೀಸವನ್ನು ಬಡಿದು ಕೂರಿಸಿ, ಮೇಲಕ್ಕೆ ಉಳಿದದ್ದನ್ನು ಹೆರೆದು ಸಮ ಮಾಡುತ್ತಿದ್ದರು. ಅಂಥ ಅಕ್ಷರದ ಪಕ್ಕದಲ್ಲಿ ಯಂತ್ರದಿಂದ ಕೊರೆದ ಅಕ್ಷರ ನಿಂತರೆ, ಓದು ಬಾರದವರಿಗೂ ವ್ಯತ್ಯಾಸ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಸಂಗತಿ ಅವನ ಕೈಯಲ್ಲಿ ಇಲ್ಲ. ಅದು ಕಾಲ. ಹಳೆಯ ಕಲ್ಲಿನ ಮೇಲೆ ನಲವತ್ತು ವರ್ಷಗಳ ಮಳೆ ಸುರಿದಿದೆ, ಕಲ್ಲುಹೂವು ಬೆಳೆದಿದೆ. ಹೊಸ ಕಲ್ಲು ಮದುವೆಮನೆಗೆ ಬಂದವರ ಹಾಗೆ ಮಿರಮಿರ ಮಿಂಚುತ್ತದೆ. ಈ ಹಂತದಲ್ಲಿ ಕೆಲವು ಮನೆಯವರು ಒಂದು ತಪ್ಪು ಮಾಡುತ್ತಾರೆ. ಹೊಸದಕ್ಕೆ ಸರಿಹೊಂದಲಿ ಎಂದು ಹಳೆಯ ಕಲ್ಲನ್ನು ಆಮ್ಲ ಹಾಕಿ ತಿಕ್ಕಿಸುತ್ತಾರೆ, ಇಲ್ಲವೆ ಮತ್ತೆ ಹೊಳಪು ಮಾಡಿಸುತ್ತಾರೆ. ಹಾಗೆ ಮಾಡಿದಾಗಲೆಲ್ಲ ಕಲ್ಲಿನ ಮೇಲ್ಮೈ ತುಸು ಹೋಗುತ್ತದೆ, ಜೊತೆಗೆ ಅಕ್ಷರದ ಅಂಚೂ ಹೋಗುತ್ತದೆ. ಮೆತ್ತನೆಯ ಕಲ್ಲಾದರೆ ಹೆಸರೇ ಅಳಿಸಿಹೋಗಬಹುದು. ತಿಳಿದ ಕಲ್ಲುಕುಟಿಗ ಹೇಳುವುದು ಒಂದೇ ಮಾತು: ಹಳೆಯದನ್ನು ಎಳೆಯದು ಮಾಡಬೇಡಿ, ಹೊಸದು ತಾನಾಗಿಯೇ ಹಳೆಯದಾಗುತ್ತದೆ.

ಗಣಿ ಮುಚ್ಚಿದ ಮೇಲೆ

ನಮ್ಮ ಮಗನ ಕಡೆಗೆ ಮತ್ತೆ ಬರೋಣ. ಅಳತೆ ಸಿಕ್ಕಿತು, ಅಕ್ಷರದ ಅಚ್ಚು ಸಿಕ್ಕಿತು. ಕಲ್ಲು? ಅಪ್ಪನ ಕಲ್ಲು ರೂಬಿಸ್ಲಾ ಗಣಿಯದು ಎಂದುಕೊಳ್ಳಿ. ಸುಮಾರು 1740ರಿಂದ ಅಗೆಯುತ್ತ ಬಂದ ಆ ಗಣಿ ಕೊನೆಗೆ ಸುಮಾರು 140 ಮೀಟರ್ ಆಳಕ್ಕೆ ಇಳಿದಿತ್ತು. ನಮ್ಮ ವಿಜಯಪುರದ ಗೋಲಗುಮ್ಮಟವನ್ನು ಒಂದರ ಮೇಲೊಂದರಂತೆ ಎರಡು ಸಲ ಇಳಿಸಿದರೂ ಮೇಲೆ ಜಾಗ ಉಳಿಯುವಷ್ಟು ಆಳ! ಅಬರ್ಡೀನಿನ ಎಷ್ಟೋ ಬೀದಿಗಳು ಆ ಹೊಂಡದಿಂದಲೇ ಎದ್ದು ಬಂದವು. 1971ರಲ್ಲಿ ಗಣಿ ಮುಚ್ಚಿತು. ಆಮೇಲೆ ಅದರಲ್ಲಿ ನೀರು ತುಂಬಿಕೊಂಡಿತು.

ಅಂದರೆ 1990ರಲ್ಲಿ ಅಮ್ಮನಿಗೆ ಕಲ್ಲು ಕೇಳಲು ಹೋದ ಮಗನಿಗೆ ಗಣಿಯಿಂದ ಹೊಸದಾಗಿ ತೆಗೆದ ರೂಬಿಸ್ಲಾ ಕಲ್ಲು ಸಿಗುವಂತಿರಲಿಲ್ಲ. ಉಳಿದ ದಾರಿಗಳು ಎರಡು. ಹಳೆಯ ಕಟ್ಟಡ ಕೆಡವಿದಾಗ ಬಂದ ಕಲ್ಲನ್ನು ಹುಡುಕಿ ಕೊಯ್ಯಿಸುವುದು ಒಂದು. ಬೇರೆ ದೇಶದಿಂದ ಬಂದ, ಹತ್ತಿರದ ಬಣ್ಣದ ಕಲ್ಲನ್ನು ಒಪ್ಪಿಕೊಳ್ಳುವುದು ಇನ್ನೊಂದು.

ಬೇರೆ ದೇಶದ ಕಲ್ಲು ಎಂಬುದು ಅಬರ್ಡೀನಿಗೆ ಹೊಸದೇನಲ್ಲ. 19ನೇ ಶತಮಾನದ ಕೊನೆಯ ದಶಕಗಳಿಂದಲೇ ಸ್ವೀಡನ್, ನಾರ್ವೆ ಮೊದಲಾದ ಕಡೆಗಳಿಂದ ಒರಟು ಕಲ್ಲು ತರಿಸಿ, ಅಲ್ಲಿಯೇ ಹೊಳಪು ಕೊಟ್ಟು ಮಾರುತ್ತಿದ್ದರು. ಇಪ್ಪತ್ತನೇ ಶತಮಾನದ ಕೊನೆಯ ಹೊತ್ತಿಗೆ ಭಾರತದ ಕಲ್ಲು ಯುರೋಪಿನ ಸ್ಮಶಾನಗಳಲ್ಲಿ ಮಾಮೂಲಾಯಿತು. ನಮ್ಮ ಚಾಮರಾಜನಗರದ ಕಡೆಯ ಕಪ್ಪು ಕಲ್ಲಿಗೆ ಹೊರದೇಶಗಳಲ್ಲಿ ಒಳ್ಳೆಯ ಹೆಸರಿದೆ. ವ್ಯಾಪಾರಿಗಳು ಅದನ್ನು ಕಪ್ಪು ಗ್ರಾನೈಟ್ ಎನ್ನುತ್ತಾರೆ. ಭೂವಿಜ್ಞಾನಿಗಳ ಪ್ರಕಾರ ಅದು ಡಾಲರೈಟ್ ಎಂಬ ಬೇರೆ ಶಿಲೆ.

ಹಾಗಾಗಿ ಬ್ರಿಟನ್ನಿನ ಸ್ಮಶಾನವೊಂದರಲ್ಲಿ ಒಂದೇ ಮನೆತನದ ಸಾಲನ್ನು ನೋಡುತ್ತ ಹೋದರೆ ಮುತ್ತಜ್ಜನ ಕಲ್ಲು ಊರಿನ ಮರಳುಗಲ್ಲು, ಅಜ್ಜನದು ಅಬರ್ಡೀನ್ ಬೂದುಗಲ್ಲು, ಮೊಮ್ಮಗನದು ಭಾರತದ ಕರಿಗಲ್ಲು ಆಗಿರಬಹುದು. ಬಣ್ಣ ಹೊಂದಲಿಲ್ಲವೆಂದು ಮನೆಯವರು ನೊಂದುಕೊಂಡಾರು. ಆದರೆ ಚರಿತ್ರೆ ಓದುವ ನಿಮಗೆ ಅದೊಂದು ಪಾಠಪುಸ್ತಕ. ಸ್ಥಳೀಯ ಗಣಿ, ಉಗಿಯಂತ್ರ, ಸಾಗರದಾಚೆಯ ವ್ಯಾಪಾರ ಮೂರು ಹೆಜ್ಜೆಗಳಲ್ಲಿ ನಿಂತಿವೆ.

ಕಲ್ಲಿನ ಜೊತೆ ಜನರೂ ಹೋದರು

ಅಬರ್ಡೀನಿನಿಂದ ಹೊರಟದ್ದು ಕಲ್ಲು ಮಾತ್ರವಲ್ಲ, ಕಲ್ಲು ಕೆತ್ತುವವರೂ ಹೊರಟರು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಬ್ಯಾರಿ ಎಂಬ ಊರಿದೆ. ಅಲ್ಲಿಯೂ ಬೂದು ಗ್ರಾನೈಟ್ ಗಣಿಗಳಿವೆ. 1880ರ ದಶಕದಲ್ಲಿ ರೈಲು ದಾರಿ ಗಣಿಗಳನ್ನು ಮುಟ್ಟಿದಾಗ ಸ್ಕಾಟ್ಲೆಂಡಿನಿಂದ, ಆಮೇಲೆ ಇಟಲಿಯಿಂದ ನುರಿತ ಕೆಲಸಗಾರರು ಬಂದು ನೆಲೆಸಿದರು. 1899ರಲ್ಲಿ ಬ್ಯಾರಿಯಲ್ಲಿ ಸ್ಕಾಟ್ ಕವಿ ರಾಬರ್ಟ್ ಬರ್ನ್ಸ್‌ನ ಪ್ರತಿಮೆ ನಿಂತಿತು. ಅದನ್ನು ಬಯಸಿ ಮಾಡಿಸಿದವರು ಸ್ಕಾಟರು, ಕೆತ್ತಿದವರು ಇಟಲಿಯವರು! ಅದರ ಪೀಠದ ಉಬ್ಬುಚಿತ್ರಗಳು ಎಲಿಯಾ ಕೋರ್ತಿ ಎಂಬ ಶಿಲ್ಪಿಯ ಕೈಕೆಲಸ.

ಆ ಊರಿನ ಹೋಪ್ ಸ್ಮಶಾನ 1895ರದು. ಅಲ್ಲಿ ನಿಂತಿರುವ ಕಲ್ಲುಗಳು ಬ್ಯಾರಿಯ ಬೂದುಕಲ್ಲೇ. ನೂರು ವರ್ಷದ ಹಿಂದಿನ ಕಲ್ಲಿನ ಪಕ್ಕದಲ್ಲಿ ಇಂದಿನ ಕಲ್ಲು ನಿಲ್ಲಿಸಿದರೂ ಬಣ್ಣ ಒಂದೇ. ಅಬರ್ಡೀನಿನ ಮಗನಿಗೆ ಸಿಗದಿದ್ದ ಭಾಗ್ಯ ಇಲ್ಲಿಯ ಮಕ್ಕಳಿಗಿದೆ ಎನ್ನಿಸುತ್ತದೆ ಅಲ್ಲವೇ? ಆದರೆ ಸ್ವಲ್ಪ ತಡೆಯಿರಿ.

ಎಲಿಯಾ ಕೋರ್ತಿ 1903ರಲ್ಲಿ ಕಾರ್ಮಿಕರ ಸಭಾಭವನದಲ್ಲಿ ನಡೆದ ರಾಜಕೀಯ ಜಗಳವೊಂದರಲ್ಲಿ ಗುಂಡೇಟು ತಗುಲಿ ತೀರಿಕೊಂಡ. ಅವನ ತಮ್ಮನೂ ಭಾವಮೈದುನನೂ ಸೇರಿ ಅವನ ಸಮಾಧಿಗೆ ಅವನದೇ ಆಳೆತ್ತರದ ಮೂರ್ತಿಯನ್ನು ಕೆತ್ತಿದರು. ಕೋರ್ತಿ ಕೈಗೆ ಗಲ್ಲ ಆನಿಸಿ ಕುಳಿತಿದ್ದಾನೆ, ಕಾಲ ಬಳಿ ಅವನ ಕಸುಬಿನ ಹತ್ಯಾರುಗಳಿವೆ. ಮನೆಯವರೇ ಮನೆಯವನ ಕಲ್ಲು ಕೆತ್ತುವುದೆಂದರೆ ಇದು.

ಅದೇ ಸ್ಮಶಾನದಲ್ಲಿ ಲೂಯಿ ಬ್ರೂಸಾ ಎಂಬ ಇನ್ನೊಬ್ಬ ಶಿಲ್ಪಿಯ ಸಮಾಧಿ ಇದೆ. ಅವನು 1937ರಲ್ಲಿ ತೀರಿಕೊಂಡ. ಅವನ ಗೋರಿಕಲ್ಲಿನಲ್ಲಿ ಸಾಯುತ್ತಿರುವ ಗಂಡಸೊಬ್ಬ ಹೆಂಗಸಿನ ತೋಳಿಗೆ ಒರಗಿದ್ದಾನೆ. ಅವನನ್ನು ಕೊಂದದ್ದು ಸಿಲಿಕೋಸಿಸ್. ಗ್ರಾನೈಟಿನ ಬೆಣಚು ಪುಡಿಯಾದಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ದೂಳು ಶ್ವಾಸಕೋಶದೊಳಗೆ ಹೋಗಿ ಅಲ್ಲೇ ಕೂರುತ್ತದೆ. ಅದರ ಸುತ್ತ ಗಾಯ ಕಟ್ಟುತ್ತದೆ, ಉಸಿರಿಗೆ ಜಾಗವೇ ಇಲ್ಲದಂತಾಗುತ್ತದೆ. ಕ್ಷಯರೋಗಕ್ಕೂ ದಾರಿಯಾಗುತ್ತದೆ. ಸುಮಾರು 1900ರ ಹೊತ್ತಿಗೆ ಗಾಳಿಯೊತ್ತಡದಿಂದ ಓಡುವ ಉಳಿಗಳು ಬಂದವು. ಕೆಲಸ ಚುರುಕಾಯಿತು, ಆದರೆ ದೂಳೂ ಹೆಚ್ಚಾಯಿತು. ಚಳಿಗಾಲದಲ್ಲಿ ಕದ ಮುಚ್ಚಿದ ಶೆಡ್ಡುಗಳೊಳಗೆ ಆ ದೂಳನ್ನೇ ಉಸಿರಾಡುತ್ತ ಜನ ಕೆಲಸ ಮಾಡಿದರು. ದೂಳನ್ನು ಹೀರಿ ಹೊರಹಾಕುವ ಯಂತ್ರಗಳು ಶೆಡ್ಡುಗಳಲ್ಲಿ ಕಡ್ಡಾಯವಾಗುವ ಹೊತ್ತಿಗೆ 1930ರ ದಶಕ ಮುಗಿಯುತ್ತ ಬಂದಿತ್ತು.

ಹೀಗೆ ಹೋಪ್ ಸ್ಮಶಾನದಲ್ಲಿ ಕಲ್ಲಿಗೆ ಕಲ್ಲು ಒಪ್ಪುತ್ತದೆ ನಿಜ. ಆದರೆ ಆ ಒಪ್ಪಕ್ಕೆ ತೆತ್ತ ಬೆಲೆಯೂ ಅದೇ ಮಣ್ಣಿನಲ್ಲಿ ಮಲಗಿದೆ.

ಈ ಮಾತು ನಮಗೆ ದೂರದ್ದಲ್ಲ. ನಮ್ಮ ದೇಶದ ಕಲ್ಲುಗಣಿ, ಕಲ್ಲು ಕೊಯ್ಯುವ ಕಾರ್ಖಾನೆಗಳ ಕೆಲಸಗಾರರನ್ನೂ ಸಿಲಿಕೋಸಿಸ್ ಬಿಟ್ಟಿಲ್ಲ. ಹೊರದೇಶದ ಸಮಾಧಿಗೆ ಹೋಗುವ ನಮ್ಮ ಕಲ್ಲನ್ನು ಯಾರು ಒಡೆದರು ಎಂಬ ಪ್ರಶ್ನೆಯನ್ನು ಕೊಳ್ಳುವವರೂ ಕೇಳತೊಡಗಿದ್ದಾರೆ. ಬಾಲಕಾರ್ಮಿಕರ ದುಡಿಮೆಯಿಂದ ಬಂದ ಗೋರಿಕಲ್ಲುಗಳನ್ನು ತಡೆಯಲು 2009ರ ನಂತರದ ವರ್ಷಗಳಲ್ಲಿ ಜರ್ಮನಿಯ ಹಲವು ರಾಜ್ಯಗಳು ಕಾನೂನು ಮಾಡಿದವು. ಕಲ್ಲಿನ ಬಣ್ಣ ಒಪ್ಪಿದರೆ ಸಾಲದು, ಮನಸ್ಸೂ ಒಪ್ಪಬೇಕು ಎಂಬುದು ಇದರ ಅರ್ಥ.

ಎಲ್ಲರಿಗೂ ಒಂದೇ ಕಲ್ಲು

ಇಷ್ಟು ಹೊತ್ತು ಒಂದೊಂದು ಮನೆಯ ಮಾತಾಯಿತು. ಲಕ್ಷಾಂತರ ಕಲ್ಲುಗಳನ್ನು ಒಂದಕ್ಕೊಂದು ಹೊಂದುವಂತೆ ಮಾಡಬೇಕೆಂದು ಒಂದು ಸಂಸ್ಥೆಯೇ ಹೊರಟರೆ? ಅಂಥ ಪ್ರಯತ್ನವೂ ನಡೆದಿದೆ.

ಮೊದಲ ಮಹಾಯುದ್ಧದಲ್ಲಿ ಮಡಿದ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಹುಟ್ಟಿತು. ಈಗ ಅದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಜನರಲ್ಲಾಗಲಿ, ಸಾಮಾನ್ಯ ಸಿಪಾಯಿಯಾಗಲಿ ಎಲ್ಲರಿಗೂ ಒಂದೇ ಅಳತೆಯ ಕಲ್ಲು ಎಂಬುದು ಅದರ ನಿಯಮ. ಎತ್ತರ ಸುಮಾರು 81 ಸೆಂಟಿಮೀಟರ್, ಅಗಲ ಸುಮಾರು 38 ಸೆಂಟಿಮೀಟರ್. ಹೆಚ್ಚಿನವು ಇಂಗ್ಲೆಂಡಿನ ಪೋರ್ಟ್‌ಲೆಂಡ್ ಸುಣ್ಣಕಲ್ಲಿನವು. ಎಲ್ಲಕ್ಕೂ ಒಂದೇ ಬಗೆಯ ಅಕ್ಷರ. ಹಲವು ಮನೆಯವರು ಇದನ್ನು ಒಪ್ಪಲಿಲ್ಲ. ನಮ್ಮ ಮಗನಿಗೆ ನಮ್ಮ ಮನೆತನದ ಕಲ್ಲಿನಂಥ ಕಲ್ಲನ್ನೋ ಶಿಲುಬೆಯನ್ನೋ ನಾವೇ ಹಾಕಿಸುತ್ತೇವೆ ಎಂದು ಬೇಡಿದರು. 1920ರ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತಿನಲ್ಲೇ ಚರ್ಚೆ ನಡೆಯಿತು. ಸಮಾನತೆಯ ಪಕ್ಷ ಗೆದ್ದಿತು. ಮನೆಯವರಿಗೆ ಉಳಿದದ್ದು ಕಲ್ಲಿನ ಕೆಳಭಾಗದಲ್ಲಿ 66 ಅಕ್ಷರಗಳ ಒಂದು ಸಾಲು ಬರೆಸುವ ಅವಕಾಶ.

ಇಂದಿಗೂ ಹಳೆಯ ರಣಭೂಮಿಗಳಲ್ಲಿ ಸೈನಿಕರ ಅವಶೇಷ ಸಿಕ್ಕಿದರೆ ಅದೇ ಅಳತೆಯ ಹೊಸ ಕಲ್ಲು ನಿಲ್ಲುತ್ತದೆ. ಫ್ರಾನ್ಸಿನ ಫ್ರೊಮೆಲ್‌ನಲ್ಲಿ ಸಾಮೂಹಿಕ ಗುಂಡಿಗಳಿಂದ ತೆಗೆದ 250 ಸೈನಿಕರಿಗಾಗಿ 2010ರಲ್ಲಿ ಹೊಸ ಸ್ಮಶಾನವೇ ಆಯಿತು. ಸವೆದ ಕಲ್ಲುಗಳ ಜಾಗಕ್ಕೆ ಬರುವ ಕಲ್ಲು ಎಷ್ಟೋ ಕಡೆ ಇಟಲಿಯ ಬೊತ್ತಿಚೀನೋ ಸುಣ್ಣಕಲ್ಲು. ಗಣಿ ಬದಲಾದರೂ ರೂಪ ಬದಲಾಗಿಲ್ಲ.

ಆದರೆ ಕಲ್ಲು ಸಿಕ್ಕವರಿಗೆ ಮಾತ್ರ ಈ ಸಮಾನತೆ. ಪೂರ್ವ ಆಫ್ರಿಕ, ಮೆಸಪೊಟೇಮಿಯ ಮುಂತಾದ ಕಡೆ ಮಡಿದ ಸಾವಿರಾರು ಭಾರತೀಯ, ಆಫ್ರಿಕನ್ ಸೈನಿಕರಿಗೆ ಹೆಸರಿನ ಕಲ್ಲು ದೊರೆಯಲಿಲ್ಲ. 1929ರ ಬಸ್ರಾ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರಿದೆ. ಕೆಳದರ್ಜೆಯ ಭಾರತೀಯ ಸೈನಿಕರನ್ನು ಪಡೆವಾರು ಸಂಖ್ಯೆಯಾಗಿ ಮಾತ್ರ ಕೊರೆದರು. 2021ರಲ್ಲಿ ಕಮಿಷನ್ ತಾನೇ ನೇಮಿಸಿದ್ದ ಸಮಿತಿಯ ವರದಿ ಈ ತಾರತಮ್ಯವನ್ನು ಒಪ್ಪಿಕೊಂಡಿತು. ಕನಿಷ್ಠ 1,16,000 ಮಂದಿ ಹೆಸರಿನಿಂದ ಸ್ಮರಿಸಲ್ಪಟ್ಟಿಲ್ಲ ಅಥವಾ ಸ್ಮರಿಸಲ್ಪಟ್ಟೇ ಇಲ್ಲ ಎಂದು ಅದು ಅಂದಾಜು ಮಾಡಿತು. ಕಮಿಷನ್ ಕ್ಷಮೆ ಕೇಳಿತು. ಸಾಲುಸಾಲಾಗಿ ಒಪ್ಪವಾಗಿ ನಿಂತ ಬಿಳಿಗಲ್ಲುಗಳನ್ನು ನೋಡುವಾಗ, ಸಾಲಿನಲ್ಲಿ ಇಲ್ಲದ ಕಲ್ಲುಗಳ ಲೆಕ್ಕವನ್ನೂ ನಾವು ಕೇಳಬೇಕು.

ನೀವು ಮಾಡಬಹುದಾದ ಕೆಲಸ

ಹಾಗಾದರೆ ಅಬರ್ಡೀನಿನ ಮಗ ಏನು ಮಾಡಬೇಕು? ಅಳತೆ ಒಂದೇ ಇಡಬಹುದು. ಅಕ್ಷರದ ಬಗೆ ಒಂದೇ ಇಡಬಹುದು. ಬಣ್ಣ ಆದಷ್ಟು ಹತ್ತಿರದ್ದನ್ನು ಆರಿಸಬಹುದು. ಉಳಿದ ವ್ಯತ್ಯಾಸವನ್ನು ಮರೆಮಾಚುವುದು ಬೇಡ. ಅಪ್ಪ ಸತ್ತ ಕಾಲ ಬೇರೆ, ಅಮ್ಮ ಸತ್ತ ಕಾಲ ಬೇರೆ. ನಡುವೆ ಒಂದು ಗಣಿ ಮುಚ್ಚಿತು, ಒಂದು ಕಸುಬು ಕರಗಿತು. ಎರಡು ಕಲ್ಲುಗಳು ಅದನ್ನು ಇದ್ದದ್ದು ಇದ್ದ ಹಾಗೆ ಹೇಳಲಿ.

ನಿಮ್ಮ ಊರಿನಲ್ಲೂ ಹಳೆಯ ಚರ್ಚಿನ ಸ್ಮಶಾನವೋ, ಖಬರಸ್ತಾನವೋ, ಮನೆತನದ ಗದ್ದುಗೆಗಳೋ, ಊರಂಚಿನ ವೀರಗಲ್ಲುಗಳ ಸಾಲೋ ಇದ್ದೀತು. ಅಲ್ಲಿಯವರ ಅಪ್ಪಣೆ ಪಡೆದು, ಗುರುಗಳ ಜೊತೆ ಒಮ್ಮೆ ಹೋಗಿಬನ್ನಿ. ಯಾವುದನ್ನೂ ತಿಕ್ಕಬೇಡಿ, ಕೆರೆಯಬೇಡಿ, ಸುಣ್ಣ ಬಳಿಯಬೇಡಿ. ಅಕ್ಕಪಕ್ಕದ ಎರಡು ಕಲ್ಲುಗಳನ್ನು ಆರಿಸಿಕೊಳ್ಳಿ. ಕಲ್ಲು ಯಾವ ಜಾತಿಯದು, ಎಲ್ಲಿಂದ ಬಂದಿರಬಹುದು? ಅಕ್ಷರ ಕೈಯದೋ, ಯಂತ್ರದ್ದೋ? ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಏಕಿಲ್ಲ? ಊರಿನ ಹಿರಿಯರನ್ನೂ, ಕಲ್ಲುಕೆಲಸದವರನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಕೇಳುವಾಗ ಒಂದು ಪ್ರಶ್ನೆಯನ್ನು ಮರೆಯಬೇಡಿ. ಈ ಕಲ್ಲಿನ ಮೇಲೆ ಹೆಸರಿರುವುದು ಯಾರದೆಂದು ಎಲ್ಲರೂ ಓದುತ್ತಾರೆ. ಆ ಹೆಸರನ್ನು ಕೊರೆದವನು ಯಾರು, ಅವನ ಹೆಸರು ಎಲ್ಲಿದೆ ಎಂದು ನೀವು ಕೇಳಿ.